ಬಲಗಡೆಯವನು

ಗ್ರೀಕರ ನಾಡಿನಲ್ಲಿ ಒಂದು ಪುಟ್ಟ ಊರು. ಆ ಕಾಲಕ್ಕೆ ಅಲ್ಲಿ ಒಂದೊಂದು ಊರೂ ಒಂದೊಂದು ರಾಜ್ಯ.

ಈ ಊರಿಗೆ ಅರಸನಿರಲಿಲ್ಲ. ಚಪ್ಪಲಿ ಹೊಲಿಯುವವನು, ರೊಟ್ಟಿ ಸುಡುವವನು, ಹಡಗಿನ ಒಡೆಯ, ಎಲ್ಲರೂ ಒಂದೇ ಬಯಲಿನಲ್ಲಿ ಕುಳಿತು ಕೈಯೆತ್ತಿ ಊರಿನ ಕೆಲಸ ತೀರ್ಮಾನಿಸುತ್ತಿದ್ದರು. ಯುದ್ಧ ಬೇಕೆಂದು ಕೈಯೆತ್ತಿದವನೇ ಈಟಿ ಹಿಡಿದು ಹೊರಡಬೇಕಿತ್ತು. ಕಂಡವರ ಮಕ್ಕಳನ್ನು ಕಳಿಸಿ ತಾನು ಮನೆಯಲ್ಲಿ ಉಂಡು ಮಲಗುವ ಹಾಗಿರಲಿಲ್ಲ.

ನ್ಯಾಯಾಲಯದಲ್ಲೂ ಹಾಗೆಯೇ. ದೂರು ಕೊಟ್ಟವನು ತನ್ನ ಬಾಯಿಂದಲೇ ಮಾತಾಡಬೇಕು. ತೂತಿರುವ ಮಡಕೆಯಿಂದ ನೀರು ಸೋರಿ ಮುಗಿಯುವಷ್ಟು ಹೊತ್ತು ಅವನಿಗೆ, ಅಷ್ಟೇ ನೀರು ಎದುರಾಳಿಗೆ. ಸಾಹುಕಾರನಿಗೂ ಒಂದು ಹನಿ ಹೆಚ್ಚಿಲ್ಲ. ಸುಮ್ಮಸುಮ್ಮನೆ ದೂರು ಕೊಡುವವರಿಗೂ ಒಂದು ಕಡಿವಾಣವಿತ್ತು: ದೂರು ಕೊಟ್ಟು ನಡುವೆ ಕೈಬಿಟ್ಟವನು ಮತ್ತೆಂದೂ ಯಾರ ಮೇಲೂ ದೂರು ಕೊಡುವಂತಿಲ್ಲ.

ಇಂಥ ಊರಿನಲ್ಲಿ ಮಾತು ಕಲಿಸುವ ಗುರುಗಳಿಗೆ ಬೆಲೆ ಇರದೆ ಇರುತ್ತದೆಯೇ? ನದಿಯ ದಡದಲ್ಲಿ ಆಲಿವ್ ಮರದ ಕೆಳಗೆ ಕಲಿಸುತ್ತಿದ್ದ ಮುದುಕರು ಯೂಡೋರಸ್. ಅವರ ಶಿಷ್ಯರಲ್ಲಿ ಎಲ್ಲರಿಗಿಂತ ಚುರುಕು ನಾಲಿಗೆಯವನು ಲೈಕೋನ್.

ಒಂದು ಬೆಳಗ್ಗೆ ಲೈಕೋನ್ ಬಂದು ಗುರುಗಳ ಮುಂದೆ ನಿಂತ.

"ಗುರುಗಳೇ, ಭಾಷಣ ಸಿದ್ಧವಾಯಿತು. ನಾಡಿದ್ದು ವಿಚಾರಣೆ."

"ಯಾರ ಮೇಲೆ?"

"ಗೊತ್ತಿದ್ದೂ ಕೇಳುತ್ತೀರಲ್ಲ! ಡೋರಿಯೋನ್ ಮೇಲೆ."

ಎಲ್ಲರಿಗೂ ಗೊತ್ತಿತ್ತು. ಗುಡ್ಡದಾಚೆಯ ಊರಿನವರ ಜೊತೆ ನಡೆದ ಯುದ್ಧದಲ್ಲಿ ಲೈಕೋನನ ಅಣ್ಣ ಹಿಪ್ಪೋನ್ ಸತ್ತಿದ್ದ. ಹೆಗಲಿಗೆ ಹೆಗಲು ತಾಗುವ ಸಾಲಿನಲ್ಲಿ ಅವನ ಬಲಗಡೆ ನಿಂತಿದ್ದವನು ಚಪ್ಪಲಿ ಹೊಲಿಯುವ ಡೋರಿಯೋನ್. ಅವನು ಬದುಕಿ ಬಂದ. ಗುರಾಣಿ ಇಲ್ಲದೆ ಬಂದ.

ಆ ಊರಿನಲ್ಲಿ ಶಿರಸ್ತ್ರಾಣ ಕಳೆದುಕೊಂಡವನನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಅದು ಅವನ ತಲೆಯದು, ಹೋದರೆ ಅವನದೇ ಹೋಗುತ್ತದೆ. ಗುರಾಣಿ ಹಾಗಲ್ಲ. ಎಡಗೈಯಲ್ಲಿ ಹಿಡಿದ ಗುರಾಣಿ ಅರ್ಧ ತನ್ನ ಮೈಗೆ, ಅರ್ಧ ಎಡಗಡೆಯವನ ಮೈಗೆ. ಅದನ್ನು ಎಸೆದನೆಂದು ಸಾಬೀತಾದರೆ ಅವನು ಸಭೆಯಲ್ಲಿ ಕೈಯೆತ್ತುವಂತಿಲ್ಲ, ಗುಡಿಯ ಮೆಟ್ಟಿಲು ಹತ್ತುವಂತಿಲ್ಲ. ಉಸಿರಾಡುವ ಹೆಣ.

"ಓದು," ಎಂದರು ಗುರುಗಳು.

ಲೈಕೋನ್ ಓದಲಿಲ್ಲ, ಬಾಯಿಪಾಠ ಹೇಳಿದ. ಅಣ್ಣನನ್ನು ಹಳೆಯ ಹಾಡುಗಳ ವೀರರ ಪಕ್ಕದಲ್ಲಿ ನಿಲ್ಲಿಸಿದ. ನೂರು ಜನರ ಎದುರು ಒಬ್ಬನೇ ಈಟಿ ಬೀಸಿದ ಎಂದ. ಕೊನೆಗೆ ದನಿ ತಗ್ಗಿಸಿ, "ನನ್ನ ಅಣ್ಣನನ್ನು ಕೊಂದದ್ದು ಎದುರಿನ ಈಟಿಯಲ್ಲ, ಪಕ್ಕದ ಹೇಡಿ," ಎಂದು ನಿಲ್ಲಿಸಿದ.

ಉಳಿದ ಶಿಷ್ಯರು ಎದ್ದು ನಿಂತಿದ್ದರು. ಒಬ್ಬ ಮೂಗು ಒರೆಸಿಕೊಳ್ಳುತ್ತಿದ್ದ.

"ತುಂಬ ಚೆನ್ನಾಗಿದೆ," ಎಂದರು ಗುರುಗಳು. "ಡೋರಿಯೋನ್ ಉಳಿಯುವುದಿಲ್ಲ."

"ಹಾಗಾದರೆ ನಿಮ್ಮ ಮುಖ ಯಾಕೆ ಹೀಗೆ?"

"ನೀನು ಸಾಲಿನಲ್ಲಿ ನಿಂತಿದ್ದೀಯಾ?"

"ನನಗೆ ಆ ವಯಸ್ಸು ಬಂದದ್ದೇ ಈಗ. ವಸಂತದಲ್ಲಿ ನನ್ನ ಸರದಿ."

"ಹಾಡಿನ ವೀರ ಒಬ್ಬನೇ ಮುಂದೆ ನುಗ್ಗುತ್ತಾನೆ. ನಮ್ಮ ಸಾಲಿನಲ್ಲಿ ಹಾಗೆ ನುಗ್ಗಿದವನಿಗೆ ದಳಪತಿಯಿಂದ ಬೈಗುಳ." ಗುರುಗಳು ಮನೆಯ ಕಡೆ ತಿರುಗಿ ಕೂಗಿದರು. "ಮಿರ್ಟೋ! ನನ್ನ ಗುರಾಣಿ ತಾ."

ಒಳಗಿಂದ ಹೆಂಡತಿಯ ದನಿ ಬಂತು. "ಅದು ಆಲಿವ್ ಕಾಯಿ ಜಾಡಿಯ ಮೇಲಿದೆ. ಈಗ ಯಾರ ಮೇಲೆ ದಂಡೆತ್ತಿ ಹೊರಟಿರಿ?"

"ಪಾಠಕ್ಕೆ."

"ಪಾಠ ಮುಗಿದ ಮೇಲೆ ತೊಳೆದು ತನ್ನಿ. ಜಾಡಿಗೆ ಹುಳ ಬಿದ್ದರೆ ನಿಮ್ಮ ಶಿಷ್ಯರಿಗೇ ಬಡಿಸುತ್ತೇನೆ."

ಮಿರ್ಟೋ ಗುರಾಣಿಯನ್ನು ಹೊಸಿಲ ಹೊರಗೆ ಉರುಳಿಸಿದಳು. ಲೈಕೋನ್ ಅದನ್ನು ಎಡಗೈಗೆ ಏರಿಸಿಕೊಂಡ. ಭುಜ ಜಗ್ಗಿತು. ಗುರುಗಳು ಬರಿಗೈಯಲ್ಲಿ ಅವನ ಎಡಕ್ಕೆ ಬಂದು ನಿಂತರು.

"ಹುಡುಗರಾ, ನದಿಯ ಕೆಸರು ಉಂಡೆ ಮಾಡಿ ನಮ್ಮತ್ತ ಎಸೆಯಿರಿ. ಲೈಕೋನ್, ನನಗೆ ತಗುಲಬಾರದು. ಇಷ್ಟೇ ಪಾಠ."

ಗುರುಗಳಿಗೆ ಕೆಸರು ಎಸೆಯಲು ಅಪ್ಪಣೆ ಸಿಕ್ಕರೆ ಯಾವ ಶಿಷ್ಯ ಬಿಟ್ಟಾನು? ಉಂಡೆಗಳು ಸುರಿದವು. ಲೈಕೋನ್ ಗುರಾಣಿಯನ್ನು ಗುರುಗಳ ಕಡೆಗೇ ಹಿಡಿದು ನಿಂತ. ಗುರುಗಳ ಬಟ್ಟೆಗೆ ಒಂದು ಚುಕ್ಕೆಯೂ ಬೀಳಲಿಲ್ಲ.

"ಇದೇನು ಮಹಾ," ಎಂದ.

ಆಗ ಒಬ್ಬ ಜಾಣ ಕೆಸರಿನಲ್ಲಿ ಕಲ್ಲು ಸೇರಿಸಿ ಅವನ ಬಲಗಡೆಗೆ ಗುರಿಯಿಟ್ಟ. ಬಲಗಡೆ ಬರಿ ಮೈ. ಕಲ್ಲು ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಇನ್ನೊಂದು ಬರುವುದು ಕಂಡಿತು. ಲೈಕೋನನ ಕಾಲು ತಾನಾಗಿ ಬಲಕ್ಕೆ ಸರಿಯಿತು, ಗುರಾಣಿಯೂ ಜೊತೆಗೆ ಸರಿಯಿತು.

ಪಚಕ್ಕೆಂದು ಸದ್ದಾಯಿತು. ಗುರುಗಳ ಹಣೆ, ಗಡ್ಡ, ಒಂದು ಕಣ್ಣು, ಎಲ್ಲ ಕೆಸರು.

ಶಿಷ್ಯರು ನಗಲೋ ಬೇಡವೋ ಎಂದು ಒಬ್ಬರನ್ನೊಬ್ಬರು ನೋಡಿದರು.

"ನನ್ನ ಬಲಗಡೆ ಯಾರೂ ಇರಲಿಲ್ಲ!" ಲೈಕೋನ್ ಕೂಗಿದ. "ಯಾರಾದರೂ ಇದ್ದಿದ್ದರೆ ನಾನು ಅಲ್ಲಾಡುತ್ತಿರಲಿಲ್ಲ!"

ಗುರುಗಳು ಮುಖ ಒರೆಸಿಕೊಳ್ಳಲಿಲ್ಲ.

"ಡೋರಿಯೋನನ ಬಲಗಡೆ ಯಾರಿದ್ದರು?"

ಅದನ್ನು ಲೈಕೋನ್ ಯಾರನ್ನೂ ಕೇಳಿರಲಿಲ್ಲ.

ಡೋರಿಯೋನ್ ತನ್ನ ಅಂಗಡಿಯಲ್ಲಿ ತೊಗಲು ಕತ್ತರಿಸುತ್ತಿದ್ದ. ಲೈಕೋನನನ್ನು ಕಂಡು ಎದ್ದು ನಿಂತ.

"ವಿಚಾರಣೆ ನಾಡಿದ್ದಲ್ಲವೇ? ಇವತ್ತೇ ಬೈಯಲು ಬಂದೆಯಾ?"

"ಒಂದು ಪ್ರಶ್ನೆ ಇದೆ. ಗುರಾಣಿ ಎಸೆದೆಯಾ?"

"ಎಸೆದೆ. ಸಾಲು ಮುರಿದು ಎಲ್ಲರೂ ಓಡಿದಾಗ ನಾನೂ ಓಡಿದೆ. ಅದನ್ನು ಹೊತ್ತು ನದಿ ದಾಟಲು ಆಗಲಿಲ್ಲ. ಅಲ್ಲಿ ನ್ಯಾಯಾಧೀಶರು ಕೇಳಿದರೂ ಇದನ್ನೇ ಹೇಳುತ್ತೇನೆ."

"ಅದಕ್ಕೆ ಮೊದಲು? ಅಣ್ಣ ಬಿದ್ದಾಗ?"

ಡೋರಿಯೋನ್ ಕತ್ತಿ ಕೆಳಗಿಟ್ಟ. "ಆಗ ಗುರಾಣಿ ಕೈಯಲ್ಲೇ ಇತ್ತು. ಆದರೆ ನಾನು ಅವನನ್ನು ಬಿಟ್ಟು ಬಲಕ್ಕೆ ಸರಿದಿದ್ದೆ. ನನ್ನ ಬಲ ಮೈ ಇದ್ದದ್ದು ಇದ್ದಿಲು ಮಾರುವವನ ಗುರಾಣಿಯ ಮರೆಯಲ್ಲಿ. ಆ ಗುರಾಣಿ ಸರಿಯಿತು, ನಾನೂ ಸರಿದೆ. ಹಿಪ್ಪೋನ್ 'ಏಯ್' ಅಂದ. ಕೇಳಿಸಿತು. ಈಗಲೂ ಕೇಳಿಸುತ್ತದೆ."

ಲೈಕೋನ್ ಇದ್ದಿಲು ಮಾರುವವನ ಹತ್ತಿರ ಹೋದ.

"ರೊಟ್ಟಿ ಸುಡುವವನು ಸರಿದ, ಅದಕ್ಕೇ ನಾನು ಸರಿದೆ," ಎಂದ ಅವನು. "ಅಷ್ಟು ದಪ್ಪ ಮನುಷ್ಯ ಸರಿದರೆ ಅಲ್ಲಿ ಬಾಗಿಲು ತೆರೆದ ಹಾಗೆ ಆಗುತ್ತದೆ ಕಣಪ್ಪಾ."

ರೊಟ್ಟಿ ಸುಡುವವನು ಮೀನುಗಾರನ ಹೆಸರು ಹೇಳಿದ. ಮೀನುಗಾರ ಕುಂಬಾರನ ಹೆಸರು ಹೇಳಿದ. ಒಂದು ಬೀದಿ ಮುಗಿದು ಇನ್ನೊಂದು ಬೀದಿ ಬಂತು. ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಎಲ್ಲರದೂ ಒಂದೇ ಮಾತು: ಬಲಗಡೆಯವನು ಸರಿದ, ನಾನು ಸರಿದೆ.

ಮರುದಿನ ಸಂಜೆ ಲೈಕೋನ್ ಸಾಲಿನ ತುದಿಗೆ ಬಂದು ತಲುಪಿದ. ಬಲತುದಿ ಎಂದರೆ ಮಾನದ ಜಾಗ. ಅಲ್ಲಿ ನಿಲ್ಲುವವನು ದಳಪತಿ. ಊರಿನಲ್ಲಿ ಅವನಷ್ಟು ಧೈರ್ಯದವನು ಇನ್ನೊಬ್ಬನಿಲ್ಲ. ಮೈಮೇಲಿನ ಗಾಯದ ಗುರುತುಗಳೆಲ್ಲ ಎದೆಯ ಕಡೆಗೇ ಇದ್ದವು, ಬೆನ್ನಿಗೆ ಒಂದೂ ಇರಲಿಲ್ಲ.

ಅವನು ಅಂಗಳದಲ್ಲಿ ಮೊಮ್ಮಗಳಿಗೆ ಅಂಜೂರ ಬಿಡಿಸಿ ಕೊಡುತ್ತಿದ್ದ. ಪ್ರಶ್ನೆ ಕೇಳಿ ಕೈ ನಿಂತಿತು.

"ನನ್ನ ಬಲಗಡೆಯೇ? ಯಾರೂ ಇರಲಿಲ್ಲ. ಗಾಳಿ ಇತ್ತು."

"ನೀವು ಸರಿದಿರಾ?"

ದಳಪತಿ ಕೈಯಲ್ಲಿದ್ದ ಅಂಜೂರ ಕೊಟ್ಟು ಮೊಮ್ಮಗಳನ್ನು ಒಳಗೆ ಕಳಿಸಿದ.

"ಅರ್ಧ ಹೆಜ್ಜೆ. ಬರಿ ಮೈಯ ಕಡೆಗೆ ಈಟಿ ಬರುವುದು ಕಂಡಿತು. ಸರಿದದ್ದು ನನಗೇ ಗೊತ್ತಾಗಲಿಲ್ಲ. ಆಮೇಲೆ ತಿರುಗಿ ನೋಡಿದರೆ ಇಡೀ ಸಾಲು ಬಲಕ್ಕೆ ಜರುಗಿ ನಡುವೆ ಬಿರುಕು ಬಿಟ್ಟಿತ್ತು. ನಿನ್ನ ಅಣ್ಣ ಆ ಬಿರುಕಿನಲ್ಲಿದ್ದ."

"ಇದನ್ನು ನೀವು ಯಾರಿಗೂ ಹೇಳಲಿಲ್ಲ."

"ಯಾರೂ ಕೇಳಲಿಲ್ಲ. ನೀನು ಕೇಳಿದೆ. ನ್ಯಾಯಾಲಯದಲ್ಲಿ ನನ್ನ ಹೆಸರು ಹೇಳು. ಬಂದು ನಿಲ್ಲುತ್ತೇನೆ."

ಇಂಥ ಮನುಷ್ಯನನ್ನು ದ್ವೇಷಿಸಲೂ ಲೈಕೋನನಿಗೆ ಆಗಲಿಲ್ಲ.

ಮನೆಗೆ ಬಂದರೆ ಅಮ್ಮ ಕಾಯುತ್ತಿದ್ದಳು. ಹಿಪ್ಪೋನ್ ಸತ್ತ ದಿನ ಕತ್ತರಿಸಿಕೊಂಡ ಕೂದಲು ಇನ್ನೂ ಕಿವಿಯವರೆಗೆ ಬೆಳೆದಿರಲಿಲ್ಲ.

"ನಾಳೆ ಆ ಡೋರಿಯೋನನ ಹೆಸರು ಮಣ್ಣುಗೂಡಬೇಕು. ನಿನ್ನನ್ನು ಆ ಮುದುಕನ ಹತ್ತಿರ ಮಾತು ಕಲಿಯಲು ಕಳಿಸಿದ್ದು ಮರದ ಕೆಳಗೆ ಹರಟೆ ಹೊಡೆಯಲು ಅಲ್ಲ."

ಲೈಕೋನ್ ಗೋಡೆಗೆ ಒರಗಿಸಿದ್ದ ಅಣ್ಣನ ಈಟಿಯ ಧೂಳು ಒರೆಸಿದ.

ವಿಚಾರಣೆಯ ದಿನ ಬೆಂಚುಗಳು ತುಂಬಿದ್ದವು. ಲೈಕೋನ್ ಮಾತಿಗೆ ನಿಲ್ಲುತ್ತಾನೆಂದು ಕೇಳಲು ಪಕ್ಕದ ಊರಿನವರೂ ಬಂದಿದ್ದರು. ಮಡಕೆಯ ಬಿರಡೆ ತೆಗೆದರು. ನೀರು ಸುರಿಯತೊಡಗಿತು.

"ಈ ಮಡಕೆ ಖಾಲಿಯಾಗುವಷ್ಟು ದೊಡ್ಡ ಭಾಷಣ ನನ್ನ ಹತ್ತಿರವಿದೆ," ಎಂದ ಲೈಕೋನ್. "ಕೇಳಿದರೆ ನೀವು ಅಳುತ್ತೀರಿ. ಡೋರಿಯೋನನನ್ನು ಉಸಿರಾಡುವ ಹೆಣ ಮಾಡುತ್ತೀರಿ. ಆದರೆ ಅದರಲ್ಲಿ ನನ್ನ ಅಣ್ಣ ಒಬ್ಬನೇ ನಿಂತಿದ್ದಾನೆ, ಡೋರಿಯೋನ್ ಒಬ್ಬನೇ ಸರಿಯುತ್ತಾನೆ. ಆ ದಿನ ಅಲ್ಲಿ ಯಾರೂ ಒಬ್ಬರೇ ಇರಲಿಲ್ಲ. ಸರಿದದ್ದು ಸಾಲು. ಸಾಲೆಂದರೆ ಇಲ್ಲಿ ಕುಳಿತಿರುವ ನೀವು. ವಸಂತ ಬಂದರೆ ನಾನೂ. ದೂರನ್ನು ಕೈಬಿಡುತ್ತಿದ್ದೇನೆ."

"ಕೈಬಿಟ್ಟರೆ ಏನಾಗುತ್ತದೆ, ಗೊತ್ತಲ್ಲ?" ನ್ಯಾಯಾಲಯದ ಹಿರಿಯ ಕೇಳಿದ. "ಇನ್ನು ಮುಂದೆ ನಿನ್ನ ಮನೆಗೆ ಬೆಂಕಿ ಬಿದ್ದರೂ ಬೆಂಕಿ ಹಚ್ಚಿದವನ ಮೇಲೆ ದೂರು ಕೊಡುವಂತಿಲ್ಲ."

"ಗೊತ್ತು."

ಲೈಕೋನ್ ತಾನು ನಿಂತು ಮಾತಾಡಿದ ಕಲ್ಲಿನಿಂದ ಇಳಿದ. ನೀರು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದು ಪೂರ್ತಿ ಸೋರಿ ಮುಗಿಯುವವರೆಗೆ ಅಷ್ಟೂ ಜನ ಸುಮ್ಮನೆ ಕುಳಿತಿದ್ದರು. ದಳಪತಿ ತಲೆ ತಗ್ಗಿಸಿದ್ದ. ಡೋರಿಯೋನ್ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದ.

ಮಾತನ್ನೇ ದೇವರೆಂದು ಪೂಜಿಸುವ ಊರು ಅದು. ಅಲ್ಲಿ ಆ ದಿನದವರೆಗೆ ಅಷ್ಟು ಚಿಕ್ಕ ಭಾಷಣವನ್ನು ಯಾರೂ ಮಾಡಿರಲಿಲ್ಲ, ಯಾರೂ ಕೇಳಿರಲಿಲ್ಲ.

ಮನೆಯಲ್ಲಿ ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು.

"ಹಾಗಾದರೆ ನನ್ನ ಮಗನನ್ನು ಕೊಂದವನು ಯಾರು?"

"ಗುಡ್ಡದಾಚೆಯ ಒಬ್ಬ, ಅಮ್ಮ."

"ಅವನ ಹೆಸರೇನು?"

"ಗೊತ್ತಿಲ್ಲ. ಅವನ ಬಲಗಡೆಯೂ ಒಬ್ಬ ಇದ್ದಿರಬೇಕು."

ಅಮ್ಮ ಅವನ ಕೆನ್ನೆಗೆ ಹೊಡೆದಳು. ಆಮೇಲೆ ಅಲ್ಲೇ ಕುಸಿದು ಕುಳಿತು ಜೋರಾಗಿ ಅತ್ತಳು. ಅಲ್ಲಿಯವರೆಗೆ ಅವಳು ಒಂದು ಸಲವೂ ಅತ್ತಿರಲಿಲ್ಲ.

ವಸಂತ ಬಂತು. ಬಾರ್ಲಿ ತೆನೆ ಕಟ್ಟುವ ಹೊತ್ತಿಗೆ ಗುಡ್ಡದಾಚೆಯವರು ಮತ್ತೆ ಇಳಿದು ಬಂದರು, ಗಡಿಯ ಹೊಲಗಳಿಗೆ ಬೆಂಕಿಯಿಟ್ಟರು. ಊರು ಬಯಲಿನಲ್ಲಿ ಸೇರಿತು. ಕೈಗಳು ಮೇಲೆದ್ದವು. ಲೈಕೋನನ ಕೈಯೂ ಎದ್ದಿತು.

ದಳಪತಿ ಸಾಲಿನ ಜಾಗಗಳನ್ನು ಕೂಗಿ ಹೇಳಿದ. ತನ್ನ ಜಾಗ ಕೇಳಿದ್ದೇ ತಡ, ಲೈಕೋನ್ ಅಲ್ಲಿಂದ ನೇರವಾಗಿ ನದಿಯ ದಡಕ್ಕೆ ಓಡಿದ. ಅಣ್ಣನ ಈಟಿ ಹೆಗಲ ಮೇಲೆ, ಹೊಸ ಗುರಾಣಿ ಕೈಯಲ್ಲಿ.

"ಗುರುಗಳೇ, ಅಣ್ಣ ನಿಂತಿದ್ದ ಜಾಗವನ್ನು ನನಗೆ ಕೊಟ್ಟಿದ್ದಾರೆ."

"ಒಳ್ಳೆಯದು."

"ಬಲಗಡೆ ಡೋರಿಯೋನ್."

"ಇರಲಿ."

"ಇರಲಿ ಎನ್ನುವುದು ನಿಮಗೆ ಸುಲಭ! ದೂರು ಬಿಡುವುದು ಬೇರೆ, ಅವನ ಗುರಾಣಿ ನಂಬಿ ನಿಲ್ಲುವುದು ಬೇರೆ. ಮಕ್ಕಳ ಮೇಲೆ ಆಣೆ ಇಟ್ಟಿದ್ದಾನೆ, ಸರಿಯುವುದಿಲ್ಲ ಅಂತ. ಕಲ್ಲು ಬಂದಾಗ ನನ್ನ ಕಾಲು ನನ್ನನ್ನೇ ಕೇಳಲಿಲ್ಲ. ನಾಳೆ ಅವನ ಕಾಲು ಅವನ ಆಣೆ ಕೇಳುತ್ತದೆಯೇ?"

ಗುರುಗಳು ಅವನ ಗುರಾಣಿಯ ಪಟ್ಟಿಯನ್ನು ಬಿಚ್ಚಿ, ಮೊಣಕೈಯ ಹತ್ತಿರ ಎಳೆದು, ಮತ್ತೆ ಬಿಗಿಯಾಗಿ ಕಟ್ಟಿದರು.

"ಹೇಳಿ ಗುರುಗಳೇ. ಈ ಸಲ ಅವನು ನಿಲ್ಲುತ್ತಾನಾ?"

"ಲೈಕೋನ್, ನಿನ್ನ ಎಡಗಡೆ ಯಾರಿದ್ದಾರೆ?"