ದಲ್ಲಾಳಿ ಹಾಲಪ್ಪ ಕತೆ ಬರೆದದ್ದು

ಸೋತರೆ ಜೋಡೆತ್ತು ಅರಮನೆಗೆ, ಗೆದ್ದರೆ ಏಳು ವರ್ಷ ದನದ ಸಂತೆಯ ಸುಂಕ ಮಾಫಿ. ಬಹಳ ಬಹಳ ಹಿಂದೆ ಒಬ್ಬ ಪಾಳೇಗಾರ ದನದ ದಲ್ಲಾಳಿ ಹಾಲಪ್ಪನಿಗೆ ಒಡ್ಡಿದ ಪಂದ್ಯ ಇದಂತೆ, ಪುಟ್ಟಿ. ಪಾಳೇಗಾರನಿಗೆ ಕೆಂಚವ್ವ ಅಂತ ಐದು ವರ್ಷದ ಮೊಮ್ಮಗಳು. ನಿನ್ನ ಹಾಗೇ, ಕತೆ ಇಲ್ಲದೆ ಕಣ್ಣು ಮುಚ್ಚೋಳಲ್ಲ. ನಿನ್ನೆ ಹೇಳಿದ ಕತೆಯಲ್ಲಿ ಇವತ್ತು ಒಂದು ಮಾತು ಹೆಚ್ಚುಕಮ್ಮಿ ಆದರೂ ಹೊದಿಕೆ ಒದ್ದು ಏಳ್ತಿದ್ದಳಂತೆ. ಅದಕ್ಕೇ ಪಾಳೇಗಾರ, ಓಲೆಗರಿ ಮೇಲೆ ಬರಕೊಂಡು ಬಾ, ಮೂರು ದಿನ ಗಡುವು, ಮಗು ಇನ್ನೊಂದು ಸಲ ಓದು ಅನ್ನಬೇಕು ಅಂದನಂತೆ. ಎಂಥೆಂಥ ಎತ್ತು ಮಾರಿದೀನಿ, ಒಂದು ಕತೆ ಮಾರಕ್ಕಾಗಲ್ವಾ ಅಂತ ಹಾಲಪ್ಪ ಒಪ್ಪಿಕೊಂಡನಂತೆ.

ಮೊದಲನೇ ದಿನ ಒಂದು ಎತ್ತಿನ ಕತೆ ಬರೆದ. ಹಲ್ಲು ಎಷ್ಟು, ಸುಳಿ ಎಲ್ಲಿ, ಕೊಂಬು ಹೇಗೆ, ಒಂದೂ ಬಿಡಲಿಲ್ಲ. ಕೆಂಚವ್ವ ಎಲ್ಲಾ ಕೇಳಿ, ಅದರ ಹೆಸರೇನು ಅಂದಳಂತೆ. ಹಾಲಪ್ಪ ಹೆಸರೇ ಇಟ್ಟಿರಲಿಲ್ಲ. ಸಂತೆಯಲ್ಲಿ ಎತ್ತಿನ ಹೆಸರು ಯಾರು ಕೇಳ್ತಾರೆ?

ಆಮೇಲೆ ಎರಡನೇ ದಿನ ಎತ್ತಿಗೆ ಬೆಳ್ಳಯ್ಯ ಅಂತ ಹೆಸರಿಟ್ಟು, ಸಾಲದು ಅಂತ ರಾಕ್ಷಸ, ರಾಜಕುಮಾರಿ, ಏಳು ಸಮುದ್ರ ಎಲ್ಲಾ ತುಂಬಿ, ಮಕ್ಕಳು ಹಿರಿಯರ ಮಾತು ಕೇಳಬೇಕು ಅಂತ ಕೊನೆಗೊಂದು ಕೊಸರೂ ಹಾಕಿದನಂತೆ. ಹುಡುಗಿ ತುಟಿ ಉಬ್ಬಿಸಿ, ತಾತಾ, ಈ ಅಯ್ಯ ನನ್ನ ಬೈತಾನೆ ಅಂತ ಎದ್ದೇ ಹೋದಳಂತೆ. ಸರಕು ಕಮ್ಮಿ ಕೊಟ್ಟರೂ ಬೇಡ, ಜಾಸ್ತಿ ಕೊಟ್ಟರೂ ಬೇಡ, ಇದೆಂಥ ಗಿರಾಕಿಯಪ್ಪಾ! ಹಾಲಪ್ಪನಿಗೆ ತಲೆಬುಡ ತಿಳೀಲಿಲ್ಲ. ಎತ್ತು ಹೋದರೆ ಗಾಡಿಗೆ ತಾನೇ ಹೆಗಲು ಕೊಡಬೇಕಲ್ಲ ಅಂತ ಒಂದೇ ಚಿಂತೆ.

ಆಮೇಲೆ ಮೂರನೇ ದಿನ, ಏನೂ ತೋಚದೆ, ತಾನು ದಿನಾ ಕಂಡದ್ದನ್ನೇ ಬರೆದನಂತೆ. ಬೆಳ್ಳಯ್ಯನ್ನ ಸಂತೆಗೆ ತಂದರು, ಇಬ್ಬರು ದಲ್ಲಾಳಿಗಳು ಹೆಗಲ ವಲ್ಲಿ ಕೆಳಗೆ ಕೈ ಇಟ್ಟು, ಯಾರಿಗೂ ಕಾಣದ ಹಾಗೆ ಬೆರಳು ಹಿಡಿದು ಬೆಲೆ ಕಟ್ಟಿದರು, ಒಬ್ಬನ ಮೀಸೆ ಅದುರಿತು, ಬೆಳ್ಳಯ್ಯ ಒಂದು ಕಿವಿ ಎತ್ತಿದ, ವ್ಯಾಪಾರ ಕುದುರಿತು. ಬೆಲೆ ಮಾತ್ರ ಬರೀಲಿಲ್ಲ. ವಲ್ಲಿ ಕೆಳಗಿನ ಬೆಲೆ ಬಾಯಿಬಿಟ್ಟು ಹೇಳೋ ದಲ್ಲಾಳಿ ಎಲ್ಲಾದರೂ ಉಂಟೇ?

ಎಷ್ಟು ಬೆರಳು ಹಿಡಿದ್ರು? ಅಂದಳಂತೆ ಕೆಂಚವ್ವ.

ಅದನ್ನ ಹೇಳಂಗಿಲ್ಲ ಕಣವ್ವಾ ಅಂದ ಹಾಲಪ್ಪ.

ಅವಳು ಅವನ ವಲ್ಲಿ ಎಳೆದು, ಕೆಳಗೆ ಕೈ ತೂರಿಸಿ, ಎರಡು ಬೆರಳು ಹಿಡಿದು ಇಷ್ಟಾ ಅಂದಳು. ಅಲ್ಲ. ಮೂರಾ? ಊಹೂಂ. ಹಂಗಾದ್ರೆ ಇನ್ನೊಂದು ಸಲ ಓದು, ಬೆಳ್ಳಯ್ಯ ಯಾಕೆ ಕಿವಿ ಎತ್ತಿದ ಅಂತ ನೋಡ್ತೀನಿ ಅಂದಳಂತೆ. ಹಾಲಪ್ಪ ಓದಿದ. ಮುಗಿಯೋದ್ರೊಳಗೆ ಹುಡುಗಿ ಅವನ ಬೆರಳು ಹಿಡಿದೇ ನಿದ್ದೆ ಹೋದಳಂತೆ.

ಗೆದ್ದೆ ಹೋಗಯ್ಯಾ ಅಂತ ಪಾಳೇಗಾರ ನಕ್ಕ. ಬೆಲೆಯನ್ನೇ ಹೇಳದ ಸರಕು ಹೇಗೆ ಮಾರಿಹೋಯ್ತು ಅಂತ ಹಾಲಪ್ಪನಿಗೆ ಸಾಯೋವರೆಗೂ ಅರ್ಥವಾಗಲಿಲ್ಲವಂತೆ.

ಕತೆ ಅಲ್ಲಿಗೇ ಮುಗಿದದ್ದು, ಪುಟ್ಟಿ. ಮಗು ಏಳೋವರೆಗೂ ಕೈ ಎಳೆಯೋ ಹಾಗಿಲ್ಲವಲ್ಲ, ಅವತ್ತು ಹಾಲಪ್ಪ ಕೂತಲ್ಲೇ ಲೆಕ್ಕ ಹಾಕಿದನಂತೆ: ಜೋಡೆತ್ತು ಉಳೀತು, ಏಳು ವರ್ಷದ ಸುಂಕ ಉಳೀತು, ಬಲಗೈಗೆ ಜೋಮು ಬಂತು.