ಹೊಸ್ತಿಲ ಕುಂಕುಮದ ಕಥೆ

ಅಕ್ಷತೆಯ ನಾಲ್ಕು ಕಾಳು ಕೈಯಲ್ಲಿ ಹಿಡಿದು, ದೀಪದ ಬತ್ತಿಯನ್ನು ಮುಂದೆ ಮಾಡಿ, ಬೀದಿಯ ಬಾಗಿಲನ್ನು ತೆರೆದಿಟ್ಟು ಈ ಕಥೆಯನ್ನು ಕೇಳಬೇಕು. ಬೇರೆ ಕಥೆಗಳನ್ನು ಬಾಗಿಲು ಮುಚ್ಚಿಕೊಂಡು ಕೇಳಿದರೂ ಫಲವುಂಟು. ಇದಕ್ಕೆ ಇಲ್ಲ.

ಪೂರ್ವದಲ್ಲಿ ನಾಗರಗುಂಡಿ ಎಂಬ ಹೊಳೆದಂಡೆಯ ಊರಿನಲ್ಲಿ ತುಳಜಮ್ಮನೆಂಬ ಮುತ್ತೈದೆಯಿದ್ದಳು. ಆಕೆ ವರ್ಷಕ್ಕೆ ಇಪ್ಪತ್ತೆರಡು ವ್ರತಗಳನ್ನು ಹಿಡಿದು, ಒಂದನ್ನೂ ಬಿಡದೆ, ಬಿಟ್ಟವರ ಹೆಸರನ್ನೂ ಮರೆಯದೆ ಬಾಳುತ್ತಿದ್ದಳು. ಆಕೆ ಮಡಿಯುಟ್ಟಳೆಂದರೆ ಗಂಡನು ಜಗಲಿಗೂ ಬೆಕ್ಕು ಬೀದಿಗೂ ಹೋಗುವುದು ವಾಡಿಕೆಯಾಗಿತ್ತು.

ಆಕೆಯ ತಂಗಿ ಅಚ್ಚಮ್ಮ ಹೊಳೆಯಾಚೆಯ ಊರಿಗೆ ಸೇರಿದವಳು. ಪ್ರತಿ ಮಂಗಳವಾರ ಬೆಳಗಾಗುತ್ತಲೇ ಹಿತ್ತಿಲಿನ ಹೂ ಬಿಡಿಸಿ, ಹರಿಗೋಲಿನಲ್ಲಿ ದಾಟಿ ಬಂದು, ಅಕ್ಕನ ಗೌರೀಪೂಜೆಗೆ ಕೊಟ್ಟು, ಮುಂದಿನ ಹರಿಗೋಲಿಗೆ ಹಿಂದಿರುಗುತ್ತಿದ್ದಳು. ಹೊರಡುವ ಹೆಣ್ಣಿಗೆ ಹೊಸ್ತಿಲಲ್ಲಿ ಕುಂಕುಮವಿಟ್ಟು, ಕಣ್ಣಿಗೆ ಮರೆಯಾಗುವವರೆಗೆ ನಿಂತು ನೋಡಬೇಕೆಂಬುದು ಆ ಊರಿನ ರೂಢಿ. ಪೂಜೆಯಾಗುವ ಮೊದಲು ದೇವಿಯ ಭರಣಿಯ ಕುಂಕುಮವನ್ನು ಮನುಷ್ಯರಿಗೆ ಮುಟ್ಟಿಸಬಾರದೆಂಬುದು ತುಳಜಮ್ಮನ ರೂಢಿ.

ಹೀಗಿರಲು ಶ್ರಾವಣದ ಮೊದಲ ಮಂಗಳವಾರ ಹೊಳೆ ಏರುತ್ತಿತ್ತು. ಅಚ್ಚಮ್ಮ ಹೂಬುಟ್ಟಿಯನ್ನಿಳಿಸಿ ಹೊಸ್ತಿಲಲ್ಲೇ ನಿಂತು ಕೂಗಿದಳು.

“ಅಕ್ಕಾ, ನೀರು ಹೆಚ್ಚಾಗ್ತಿದೆ. ಇದೇ ಕೊನೇ ಹರಿಗೋಲಂತೆ. ಕುಂಕುಮ ಕೊಡು, ಹೊರಡ್ತೀನಿ.”

“ಇನ್ನೂ ನಲವತ್ತು ನಾಮ ಉಳಿದಿದೆ ಕಣೇ. ದೇವಿಗಿಂತ ಮುಂಚೆ ನಿನಗೆ ಕೊಡಲಾ?”

“ಕೊಡಬೇಡ ಬಿಡು. ಬರಿಗೈಲಾದ್ರೂ ಬಾರೇ, ಮುಖ ನೋಡಿ ಹೋಗ್ತೀನಿ.”

“ಮುಖ ಎಲ್ಲಿಗೆ ಓಡಿಹೋಗುತ್ತೆ? ಮುಂದಿನ ಮಂಗಳವಾರ ನೋಡುವೆಯಂತೆ.”

ಅಚ್ಚಮ್ಮ ನಕ್ಕಳು. ಆ ನಗು ಒಳಗೆ ಕೇಳಿಸಿತು. ತುಳಜಮ್ಮ ನಲವತ್ತು ನಾಮಗಳನ್ನೂ ಒಂದಕ್ಷರ ತಪ್ಪದೆ ಮುಗಿಸಿ, ಭರಣಿಯನ್ನು ಹಿಡಿದು ಹೊರಗೆ ಬರುವಷ್ಟರಲ್ಲಿ, ಹೊಳೆಯ ದಂಡೆಯಲ್ಲಿ ಜನ ಕೂಗಾಡುತ್ತಿದ್ದರು. ಹರಿಗೋಲು ಸುಳಿಗೆ ಸಿಕ್ಕಿ ಮಗುಚಿತ್ತು. ಅಂಬಿಗ ದುರುಗಪ್ಪ ಮೂವರನ್ನು ಎಳೆದು ತಂದನು. ನಾಲ್ಕನೆಯವಳು ಸಿಗಲಿಲ್ಲ.

“ದಡ ಬಿಟ್ಟ ಮೇಲೂ ನಿಮ್ಮ ಬಾಗಿಲ ಕಡೆಗೇ ತಿರುಗಿ ಕೂತಿದ್ಲು ತಾಯಿ,” ಎಂದನು ದುರುಗಪ್ಪ. “ಅಕ್ಕ ಈಗ ಬರ್ತಾಳೆ, ಈಗ ಬರ್ತಾಳೆ ಅಂತಿದ್ಲು.”

ಸೂತಕ ಕಳೆದು ತುಳಜಮ್ಮ ಮತ್ತೆ ಪೂಜೆಗೆ ಕುಳಿತಳು. ಗೌರಿಯ ಹಣೆಗೆ ಇಟ್ಟ ಕುಂಕುಮ ನಿಲ್ಲದೆ ಉದುರಿತು. ಮತ್ತೆ ಇಟ್ಟಳು, ಮತ್ತೆ ಉದುರಿತು. ಪುರೋಹಿತರನ್ನು ಕೇಳಲು, ಅವರು ಲಕ್ಷ ಕುಂಕುಮಾರ್ಚನೆ ಮಾಡಿಸೆಂದರು. ಮಾಡಿಸಿದಳು. ದೇವಿಯ ಪಾದದ ಬಳಿ ಮೊಣಕಾಲೆತ್ತರ ಕುಂಕುಮ ಬಿದ್ದಿತು, ಹಣೆ ಮಾತ್ರ ಬರಿದಾಗಿಯೇ ಉಳಿಯಿತು. ಇಪ್ಪತ್ತೆರಡು ವ್ರತಗಳು ಇಪ್ಪತ್ತಾರಾದವು. ಅದರಿಂದಲೂ ಏನೂ ಆಗಲಿಲ್ಲ. ಮಡಿಯುಟ್ಟಿರದ ಹೊತ್ತಿನಲ್ಲಿಯೂ ಗಂಡನು ಜಗಲಿಯಲ್ಲೇ ಕೂರುವುದನ್ನು ಕಲಿತಿದ್ದನು.

ವರ್ಷ ತುಂಬಿತು. ಅಚ್ಚಮ್ಮನ ಮಗಳು ರುಕುಮಿ, ತಾಯಿಯ ಪಾಲಿನ ಕೆಲಸವೆಂದು ತಾನೇ ವಹಿಸಿಕೊಂಡು ಪ್ರತಿ ವಾರ ಬರುತ್ತಿದ್ದವಳು, ಶ್ರಾವಣದ ಮಂಗಳವಾರವೂ ಹೂಬುಟ್ಟಿ ಹೊತ್ತು ದಾಟಿ ಬಂದಳು. ತುಳಜಮ್ಮನ ಪೂಜೆ ನಡುವಿನಲ್ಲಿತ್ತು. ಹೊಸ್ತಿಲಿನಿಂದ ಕೂಗು ಬಂತು.

“ದೊಡ್ಡಮ್ಮಾ, ಹೂ ಇಟ್ಟಿದ್ದೀನಿ. ಹೊರಡ್ತೀನಿ, ಹರಿಗೋಲು ಕಾಯ್ತಿದೆ.”

ಅದು ಅಚ್ಚಮ್ಮನ ದನಿಯೇ. ನಾಮ ತುಳಜಮ್ಮನ ನಾಲಗೆಯ ಮೇಲೆ ಅರ್ಧಕ್ಕೆ ನಿಂತಿತು. ಇಪ್ಪತ್ತಾರು ವ್ರತಗಳಲ್ಲಿ ಎಲ್ಲಿಯೂ ನಾಮವನ್ನು ಅರ್ಧಕ್ಕೆ ಬಿಡಬಹುದೆಂದು ಹೇಳಿರಲಿಲ್ಲ. ಆಕೆ ಎದ್ದಳು. ದೇವಿಗೆ ಏರಿಸದ ಭರಣಿಯನ್ನು ಎತ್ತಿಕೊಂಡು, ಮಡಿಸೀರೆಯ ಸೆರಗು ಬಾಗಿಲಿಗೆ ಉಜ್ಜುವುದನ್ನೂ ನೋಡದೆ, ಹೊಸ್ತಿಲಿಗೆ ಓಡಿ ಬಂದಳು. ಹುಡುಗಿಯ ಗಲ್ಲ ಹಿಡಿದು ಮುಖವನ್ನು ನೋಡಿದಳು. ಹುಬ್ಬಿನ ಬಳಿ ಅಚ್ಚಮ್ಮನದೇ ಮಚ್ಚೆಯಿತ್ತು. ವರ್ಷವೆಲ್ಲ ಆ ಹುಡುಗಿ ಬಂದು ಹೋಗಿದ್ದಳು, ಆಕೆ ಅದನ್ನು ನೋಡಿರಲಿಲ್ಲ.

“ಅಯ್ಯೋ, ನನ್ನ ಮುಟ್ಟಿಬಿಟ್ರಲ್ಲ ದೊಡ್ಡಮ್ಮ! ಪೂಜೆ ಆಗಿಲ್ಲ, ದೇವಿಯ ಕುಂಕುಮ ನನಗೆ ಯಾಕೆ?”

“ದೇವಿ ಕಾಯ್ತಾಳೆ ಕಣೇ. ಅವಳು ಹರಿಗೋಲು ಹಿಡಿಯಬೇಕಾಗಿಲ್ಲ.”

ಹೀಗೆಂದು ಕುಂಕುಮವಿಟ್ಟು, ಒಂದು ಲೋಟ ಮಜ್ಜಿಗೆ ಕುಡಿಸಿ, ಆಚೆ ದಡದಲ್ಲಿ ರುಕುಮಿ ಇಳಿದು ಕೈಬೀಸುವವರೆಗೂ ಬಿಸಿಲಲ್ಲಿ ನಿಂತಳು. ಹರಿಗೋಲು ಮುಳುಗಲಿಲ್ಲ. ಹೆಚ್ಚಿನ ದಿನಗಳಲ್ಲಿ ಅದು ಮುಳುಗುವುದಿಲ್ಲ, ಅದರಿಂದಲೇ ನಾವು ಮನೆಯೊಳಗೇ ಕೂತಿರುತ್ತೇವೆ.

ಆಮೇಲೆ ಒಳಗೆ ಬಂದು, ಬೆರಳಿನಲ್ಲಿ ಉಳಿದಿದ್ದ ಕುಂಕುಮವನ್ನು ಗೌರಿಯ ಹಣೆಗೆ ಒತ್ತಿದಳು. ಅದು ನಿಂತಿತು. ತುಳಜಮ್ಮ ಅಲ್ಲಿಯೇ ಕುಳಿತು, ವರ್ಷದ ಹಿಂದೆ ಅಳಬೇಕಾಗಿದ್ದುದನ್ನು ಅತ್ತಳು. ಸಂಜೆ ಗಂಡನನ್ನು ಜಗಲಿಯಿಂದ ಒಳಗೆ ಕರೆದಳು. ಆತನು ಯಾವುದೋ ಹೊಸ ವ್ರತವಿರಬೇಕೆಂದುಕೊಂಡು ಕಾಲು ತೊಳೆದು ಬಂದನು.

ಬೇರೆ ಕಥೆಗಳಲ್ಲಿ ಸತ್ತವರು ನಿದ್ದೆಯಿಂದೆದ್ದಂತೆ ಎದ್ದು ಬರುತ್ತಾರೆ. ಈ ಕಥೆಯಲ್ಲಿ ಅಚ್ಚಮ್ಮ ಬರಲಿಲ್ಲ.

ಈ ವ್ರತಕ್ಕೆ ತಿಥಿಯಿಲ್ಲ, ಉಪವಾಸವಿಲ್ಲ, ಉದ್ಯಾಪನೆಯೂ ಇಲ್ಲ. ಮನೆಯವರು ಹೊರಟಾಗ ಕೈಯ ಕೆಲಸ ಬಿಟ್ಟು ಹೊಸ್ತಿಲಿಗೆ ಬಂದು ಮುಖವನ್ನು ನೋಡಬೇಕು, ಅಷ್ಟೆ. ಇಷ್ಟು ಸುಲಭವಾದ್ದರಿಂದಲೇ ಇದನ್ನು ಆಚರಿಸುವವರು ಕಡಿಮೆ. ಈ ಕಥೆಯನ್ನು ಹೇಳಿದವರಿಗೂ, ಕೊನೆಯವರೆಗೆ ಕೇಳಿದವರಿಗೂ, ನಡುವೆ ಯಾರನ್ನೋ ಕಳುಹಿಸಿಕೊಡಲು ಎದ್ದು ಹೋದವರಿಗೂ ತುಳಜಮ್ಮನಿಗೆ ತಡವಾಗಿ ಸಿಕ್ಕ ಫಲ ಬೇಗನೆ ಸಿಗಲಿ. ಎದ್ದು ಹೋದವರಿಗೆ ಒಂದು ಪಾಲು ಹೆಚ್ಚು.