ಮುಸುವವ್ವನ ಗುಂಡು

ಕಣಿವೆಹಾಳಿನ ಪಡುವಣ ಹೊಲಗಳ ಅಂಚಿಗೆ, ಹೊಳೆಗೆ ಮುಖ ಮಾಡಿದಂತೆ ಒಂಟಿ ಹೆಬ್ಬಂಡೆಯೊಂದಿದೆ. ಊರವರು ಅದನ್ನು ಮುಸುವವ್ವನ ಗುಂಡು ಎನ್ನುತ್ತಾರೆ. ಈಗಿನವರಿಗೆ ಎಲ್ಲವೂ ಕೋತಿಯೇ; ಹಿಂದಿನವರ ಬಾಯಲ್ಲಿ ಹಾಗಿರಲಿಲ್ಲ. ಕೆಂಪು ಮೋರೆಯದು ಕೋಡಗ. ಕಪ್ಪು ಮೋರೆಯ, ನೀಳ ಬಾಲದ್ದು ಮುಸುವ. ತೆನೆಗೆ ಬಾಯಿ ಹಾಕಿದ ಕೋಡಗಕ್ಕೆ ಕವಣೆಕಲ್ಲು ಬೀಸಬಹುದಿತ್ತು. ಮುಸುವವನ್ನು ಮಾತ್ರ ಕೂಗಿಯೇ ಓಡಿಸಬೇಕು, ಕಲ್ಲು ತಾಗಿಸಬಾರದು. ಹೊಲ ಕಾಯುವವರಾರೂ ಈ ಕಟ್ಟಳೆ ಮೀರುತ್ತಿರಲಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಹಾಲವ್ವ ಎಂಬ ಹೆಂಗಸು ಈ ಹೊಲಗಳನ್ನು ಕಾಯುತ್ತಿದ್ದಳು. ಅವಳ ಕವಣೆಯ ಗುರಿ ತಪ್ಪಿದ್ದೇ ಇಲ್ಲ. ಒಂದು ಬೆಳಗ್ಗೆ ಜೋಳದ ದಂಟುಗಳ ನಡುವೆ ಪುಟ್ಟ ಕೆಂಪು ಮೋರೆಯೊಂದು ಕಂಡಿತು. ಕೋಡಗವೆಂದು ಬೀಸಿಯೇ ಬಿಟ್ಟಳು. ಓಡಿ ಹೋಗಿ ನೋಡಿದರೆ, ಕಪ್ಪು ಮೋರೆಯ ತಾಯಿಯೊಂದು ಸತ್ತ ಕೂಸನ್ನು ಅವುಚಿಕೊಂಡು ಗುಂಡು ಹತ್ತುತ್ತಿತ್ತು. ಮುಸುವದ ಎಳೆಗೂಸಿನ ಮೋರೆ ಇನ್ನೂ ಕಪ್ಪಾಗಿರುವುದಿಲ್ಲವೆಂಬುದು ಹಾಲವ್ವನಿಗೆ ಆಗ ನೆನಪಾಯಿತು ಎನ್ನುತ್ತಾರೆ.

ತಾಯಿ ಕೂಸನ್ನು ಬಿಡಲಿಲ್ಲ, ನೀರಿಗೂ ಇಳಿಯಲಿಲ್ಲ. ಹಿಂಡು ಕಾದು ಕಾದು ಹೊಳೆಯಾಚೆಗೆ ಹೊರಟುಹೋಯಿತು. ಅದೊಂದಾದರೂ ಬದುಕಲಿ ಎಂದು ಹಾಲವ್ವ ದಿನವೂ ಕೊಡ ಹೊತ್ತು ಹತ್ತಿ, ಗುಂಡಿನ ನೆತ್ತಿಯ ಕುಳಿಗೆ ನೀರೆರೆದು ಬರುವಳು. ಅಣ್ಣನ ಹೆಂಡತಿ ಬೊಮ್ಮಕ್ಕ ದಾರಿಯಲ್ಲಿ ತಡೆದು, "ಏನೇ, ಮುಸುವಕ್ಕೆ ಬಾಣಂತನ ಮಾಡಾಕ್ ಹೊಂಟೀಯಾ?" ಎಂದು ಕೆಣಕಿದಳು. "ಹೂಂ ಅತ್ತಿಗೆ. ಮಡಿಲು ಬರಿದು ಮಾಡ್ದಾಕಿ ನಾನಲ್ಲೇನು? ಮತ್ಯಾರು ಮಾಡ್ಬೇಕು?" ಎಂದಳು ಹಾಲವ್ವ. ಮಾರನೆಯ ದಿನ ಬೊಮ್ಮಕ್ಕನೂ ಒಂದು ಕೊಡ ತಂದಳು.

ಐದನೆಯ ದಿನ ಮುಸುವ ನೀರು ಕುಡಿಯಿತು. ಆರನೆಯ ದಿನ ಗುಂಡಿನ ಮೇಲೆ ಕೂಸೊಂದೇ ಮಲಗಿತ್ತು. ಹಾಲವ್ವ ಸೆರಗು ಹರಿದು ಸುತ್ತಿ, ಅದನ್ನು ಬುಡದಲ್ಲಿ ಹೂಳಿದಳು. ತಾಯಿ ಬದುಕಿ ಹಿಂಡು ಸೇರಿತೆಂದು ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಅದರ ಮುಖವನ್ನೊಮ್ಮೆ ನೋಡಬೇಕೆಂಬ ಹಂಬಲ ಹಿಡಿದುಕೊಂಡಿತು. "ಮುಸುವವ್ವಾ, ಒಂದ್ಸಲ ಬಂದು ಹೋಗೇ" ಎಂದು ಮುಪ್ಪಿನವರೆಗೂ ಹೊಳೆಯ ಕಡೆ ಕೂಗುತ್ತಿದ್ದಳಂತೆ. ಆ ಕೂಗೇ ಬಂಡೆಗೆ ಹೆಸರಾಗಿ ನಿಂತಿತು.

ಇಂದು ಹೋದವರಿಗೆ ಬುಡದಲ್ಲಿ ಸುಣ್ಣ ಬಳಿದ ಅಂಗೈಯಗಲದ ಕಲ್ಲೊಂದು ಕಾಣುತ್ತದೆ. ತೆನೆ ಕಟ್ಟುವ ಕಾಲಕ್ಕೆ ಹೊಲ ಕಾಯುವ ಹೆಂಗಸರು ಮೇಲೇರಿ ಕುಳಿಗೆ ನೀರು ತುಂಬುತ್ತಾರೆ. ಹೊಳೆಯತ್ತ ಒಮ್ಮೆ ತಿರುಗಿ ನೋಡುತ್ತಾರೆ. ಅವರು ಇಳಿದ ಮೇಲೆ ಕೋಡಗಗಳು ಬಂದು ಆ ನೀರು ಕುಡಿಯುತ್ತವೆ. ಯಾರೂ ಅವನ್ನು ಓಡಿಸುವುದಿಲ್ಲ. ಮುಸುವಗಳು ಮಾತ್ರ ಈವರೆಗೆ ಹೊಳೆ ದಾಟಿ ಬಂದಿಲ್ಲ.